ನಾರ್ಫೋಕ್‌ನ ಚಳಿಗಾಲದ ಹೆಬ್ಬಾತು, ಹಂಸ, ಬಾತುಗಳು: ಎಲ್ಲಿ, ಯಾವ ಹೊತ್ತಿಗೆ, ಗುರುತು ಹಿಡಿಯೋದು ಹೇಗೆ?

ಕೆರೆಏರಿ ಕೇಳಿದ್ದು:

ಜನವರಿ ಮೊದಲ ವಾರ ಮೂರು ದಿನ ಇಂಗ್ಲೆಂಡಿನ ನಾರ್ಫೋಕ್‌ಗೆ ಹೋಗಬೇಕೆಂದಿದ್ದೇನೆ. ಪೀಟರ್‌ಬರೊದಿಂದ ಹೊರಡುವುದು, ಕಾರು ಇದೆ. 8×42 ಬೈನಾಕ್ಯುಲರ್ ಇದೆ, ಸ್ಕೋಪ್ (ಟ್ರೈಪಾಡ್ ಮೇಲಿಟ್ಟು ನೋಡುವ ದೂರದರ್ಶಕ) ಇಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಕಾಣುವ ಪಟ್ಟೆತಲೆ ಹೆಬ್ಬಾತು, ಪಿನ್‌ಟೇಲ್, ಶವಲರ್ ಚೆನ್ನಾಗಿ ಗೊತ್ತು. ಆದರೆ ಇಲ್ಲಿನ ಕಂದು-ಬೂದು ಹೆಬ್ಬಾತುಗಳಲ್ಲಿ ಯಾವುದು ಯಾವುದೆಂದು ಹೇಳಲು ಬರುತ್ತಿಲ್ಲ. ಪಿಂಕ್‌ಫುಟ್ (ಗುಲಾಬಿ ಕಾಲಿನ ಹೆಬ್ಬಾತು) ಹಿಂಡನ್ನು ಎಲ್ಲಿ, ಎಷ್ಟು ಹೊತ್ತಿಗೆ ನೋಡಬೇಕು? ವೆಲ್ನಿ ಹಕ್ಕಿಧಾಮದಲ್ಲಿ ಬ್ಯೂಯಿಕ್ ಹಂಸ ಈಗಲೂ ಸಿಗುತ್ತದೆಯೇ? ನಮ್ಮೂರಲ್ಲಿ ಕಾಣದ ಬಾತುಗಳು ಯಾವುವು? ಸ್ಕೋಪ್ ಇಲ್ಲದೆ ಹೋದರೆ ಏನಾದರೂ ಪ್ರಯೋಜನ ಇದೆಯೇ?

ಉಪ್ಪುಜೌಗು ಉತ್ತರಿಸಿದ್ದು:

ಪಿಂಕ್‌ಫುಟ್‌ನಿಂದಲೇ ಶುರು ಮಾಡುತ್ತೇನೆ. ಅದರ ದಿನಚರಿ ಗೊತ್ತಾದರೆ ನಿಮ್ಮ ಮೂರು ದಿನವನ್ನು ಅದರ ಸುತ್ತ ಹೊಂದಿಸಿಕೊಳ್ಳಬಹುದು.

ಇವು ಗೂಡು ಕಟ್ಟುವುದು ಐಸ್‌ಲ್ಯಾಂಡ್ ಮತ್ತು ಪೂರ್ವ ಗ್ರೀನ್‌ಲ್ಯಾಂಡ್‌ನಲ್ಲಿ. ಸೆಪ್ಟೆಂಬರ್ ನಡುವಿನಿಂದ ನಾರ್ಫೋಕ್‌ಗೆ ಬರುತ್ತವೆ. ನವೆಂಬರ್‌ನಿಂದ ಜನವರಿವರೆಗೆ ಹೆಚ್ಚು, ಫೆಬ್ರವರಿ ಮುಗಿಯುವಷ್ಟರಲ್ಲಿ ಬಹುಪಾಲು ಉತ್ತರಕ್ಕೆ ಹೊರಟಿರುತ್ತವೆ. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೇ ಬರಲು ಕಾರಣ ಸಕ್ಕರೆ ಬೀಟ್. ವಿಸಿಂಗ್ಟನ್, ಕ್ಯಾಂಟ್ಲಿ ಸಕ್ಕರೆ ಕಾರ್ಖಾನೆಗಳಿಗೆ ಚಳಿಗಾಲ ಪೂರ್ತಿ ಬೀಟ್ ಹೋಗುತ್ತಿರುತ್ತದೆ. ಕೊಯ್ಲು ಯಂತ್ರ ಗೆಡ್ಡೆಯ ತಲೆ ಮತ್ತು ಸೊಪ್ಪನ್ನು ಕತ್ತರಿಸಿ ಹೊಲದಲ್ಲೇ ಬಿಡುತ್ತದೆ, ಮುರಿದ ಗೆಡ್ಡೆಯ ಚೂರುಗಳೂ ಉಳಿಯುತ್ತವೆ. ಹೆಬ್ಬಾತುಗಳಿಗೆ ಬೇಕಾದದ್ದು ಇದೇ. ಬೆಳೆ ಮನೆ ಸೇರಿದ ಮೇಲೆ ಉಳಿದದ್ದನ್ನು ತಿನ್ನುವುದರಿಂದ ರೈತನಿಗೆ ನಷ್ಟವಿಲ್ಲ. ಆದರೆ ಕೊಯ್ದ ಮಾರನೆಯ ದಿನವೇ ಉಳುಮೆ ಮಾಡಿ ಗೋಧಿ ಬಿತ್ತಿದರೆ ಮೇವು ಮಣ್ಣಿನಡಿ ಹೋಯಿತು. ಆಗ ಹಿಂಡು ಬೇರೆ ಹೊಲ ಹುಡುಕುತ್ತದೆ, ಇಲ್ಲವೇ ಮೊಳಕೆ ಗೋಧಿಗೆ ಇಳಿಯುತ್ತದೆ. ಆಗ ಮಾತ್ರ ರೈತನಿಗೆ ಸಿಟ್ಟು ಬರುವುದು ಸಹಜ. ಹೀಗಾಗಿ ಕಳೆದ ವಾರ ಹಿಂಡು ಕಂಡ ಹೊಲದಲ್ಲಿ ಈ ವಾರವೂ ಇರುತ್ತದೆ ಎಂದು ನಂಬಿ ಹೋಗಬೇಡಿ. ಇಡೀ ದಿನ ಒಳದಾರಿಗಳಲ್ಲಿ ಕಾರು ಓಡಿಸಿ ಬರಿಗೈಯಲ್ಲಿ ಮರಳುವವರು ಮಾಡುವುದು ಇದನ್ನೇ.

ಹೊಲ ಬದಲಾದರೂ ರಾತ್ರಿ ತಂಗುವ ಜಾಗ ಅಷ್ಟು ಸುಲಭಕ್ಕೆ ಬದಲಾಗದು. ವಾಷ್ ಕೊಲ್ಲಿಯ ಸ್ನೆಟಿಶಮ್ ಕೆಸರು ಬಯಲು, ಸ್ಕೋಲ್ಟ್ ಹೆಡ್ ದ್ವೀಪ, ವೆಲ್ಸ್-ಹೋಕಮ್ ಕರಾವಳಿ ಮುಖ್ಯವಾದವು. ನರಿ ಬರಲಾಗದ ಬಯಲಲ್ಲಿ ರಾತ್ರಿ ಕಳೆದು, ಬೆಳಕು ಹರಿಯುವಾಗ ಒಳನಾಡಿಗೆ ಹಾರುತ್ತವೆ, ಸಂಜೆ ಮರಳುತ್ತವೆ. ನೀವು ನಿಲ್ಲಬೇಕಾದದ್ದು ಈ ಹಾದಿಯ ಕೆಳಗೆ.

ಜನವರಿ ಮೊದಲ ವಾರ ಸೂರ್ಯೋದಯ ಸುಮಾರು 8.05ಕ್ಕೆ. ಹೆಬ್ಬಾತುಗಳು ಅದಕ್ಕೂ ಅರ್ಧ ಗಂಟೆ ಮೊದಲೇ ಏಳತೊಡಗುತ್ತವೆ. ಸ್ನೆಟಿಶಮ್‌ನಲ್ಲಿ ಕಾರು ನಿಲ್ಲಿಸುವ ಜಾಗದಿಂದ ಕೊನೆಯ ಮರೆಮನೆಗಳಿಗೆ (ಹಕ್ಕಿ ನೋಡಲು ಮರೆಯಾಗಿ ಕೂರುವ ಗುಡಿಸಲು) ಎರಡು ಕಿಲೋಮೀಟರ್ ಮೀರಿದ ನಡಿಗೆ. 6.45ಕ್ಕೆ ಟಾರ್ಚ್ ಹಿಡಿದು ಹೊರಟರೆ ಸಮಾಧಾನವಾಗಿ ತಲುಪಬಹುದು. ಇಲ್ಲಿ ತುಂಬ ಜನ ಎರಡು ಬೇರೆ ವಿಷಯಗಳನ್ನು ಬೆರೆಸುತ್ತಾರೆ. ಕೆಸರು ಬಯಲಲ್ಲಿ ಮೇಯುವ ಮರಳುಗೊರವ ಹಕ್ಕಿಗಳ ದೊಡ್ಡ ಹಾರಾಟ ನೋಡಲು ದೊಡ್ಡ ಉಬ್ಬರವೂ ಬೆಳಕೂ ಒಟ್ಟಿಗೆ ಬರಬೇಕು. ಹೆಬ್ಬಾತಿಗೆ ಉಬ್ಬರದ ಪಟ್ಟಿ ನೋಡಬೇಕಾಗಿಲ್ಲ, ಬೆಳಗಾದರೆ ಸಾಕು.

ಉಬ್ಬರಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಚಂದ್ರ. ಹುಣ್ಣಿಮೆಯ ಆಚೀಚೆ, ಆಕಾಶ ತಿಳಿಯಾಗಿದ್ದರೆ, ಅವು ರಾತ್ರಿಯೆಲ್ಲ ಹೊಲದಲ್ಲೇ ಮೇಯುತ್ತವೆ. ಬೆಳಿಗ್ಗೆ ಕೆಸರು ಬಯಲಿಂದ ಏಳಲು ಹಕ್ಕಿಯೇ ಇರುವುದಿಲ್ಲ, ಇದ್ದರೂ ಚೂರುಪಾರು. ದಿನಾಂಕ ಗೊತ್ತುಮಾಡುವ ಮೊದಲು ಪಂಚಾಂಗ ತೆಗೆದು ನೋಡಿ. ಹುಣ್ಣಿಮೆಗೆ ಹಿಂದೆ ಮುಂದೆ ನಾಲ್ಕು ದಿನ ಬಿಟ್ಟುಬಿಡಿ. ಮಂಜು ದಟ್ಟವಾಗಿದ್ದರೆ ಹಾರಾಟ ತಡವಾಗುತ್ತದೆ, ಆದರೆ ಕೆಳಮಟ್ಟದಲ್ಲಿ ತಲೆಯ ಮೇಲೆಯೇ ಹಾದುಹೋಗುತ್ತವೆ.

ಇನ್ನು ಗುರುತು. ಎಲ್ಲರೂ ಮೊದಲು ಕಾಲಿನ ಬಣ್ಣ ನೋಡಲು ಹೋಗುತ್ತಾರೆ. ಬೀಟ್ ಹೊಲದಲ್ಲಿ ಕಾಲು ಪೂರ್ತಿ ಕೆಸರು, ಬೆಳಗಿನ ಕೆಂಪು ಬಿಸಿಲಲ್ಲಿ ಗುಲಾಬಿಯೂ ಕಿತ್ತಳೆಯಾಗಿ ಕಾಣುತ್ತದೆ. ಕೊಕ್ಕು ನೋಡಿ. ಪಿಂಕ್‌ಫುಟ್‌ನದು ಗಿಡ್ಡ ಕೊಕ್ಕು, ಬುಡ ಮತ್ತು ತುದಿ ಕಪ್ಪು, ನಡುವೆ ಗುಲಾಬಿ ಪಟ್ಟಿ. ತಲೆ ಕುತ್ತಿಗೆ ಗಾಢ ಕಂದು, ಬೆನ್ನು ಮಾತ್ರ ನಸು ಬೂದು; ದೂರಕ್ಕೆ ಮೊದಲು ತಟ್ಟುವುದು ಈ ಅಂತರವೇ. ಗ್ರೇಲ್ಯಾಗ್ ಹೆಬ್ಬಾತು ಇನ್ನೂ ದಪ್ಪ, ಕೊಕ್ಕು ಇಡಿಯಾಗಿ ಕಿತ್ತಳೆ, ಕಾಲು ಗುಲಾಬಿ, ಹಾರುವಾಗ ರೆಕ್ಕೆಯ ಮುಂಭಾಗ ಬೆಳ್ಳಿಯಂತೆ ಹೊಳೆಯುತ್ತದೆ. ಯುರೋಪಿನ ಸಾಕು ಹೆಬ್ಬಾತಿನ ಮೂಲ ಇದೇ ಆದ್ದರಿಂದ ಕೂಗೂ ಹಾಗೆಯೇ, ಒರಟು. ಪಿಂಕ್‌ಫುಟ್ ಕೂಗು ಎತ್ತರದ ದನಿ, ಹಿಂಡಿನ ನಡುವೆ ಆಗಾಗ ‘ವಿಂಕ್-ವಿಂಕ್’ ಎಂದು ಬಿಡಿಯಾಗಿ ಕೇಳುತ್ತದೆ.

ವೈಟ್‌ಫ್ರಂಟ್ ಹೆಬ್ಬಾತಿಗೆ ಹೋಕಮ್‌ಗೇ ಹೋಗಬೇಕು. ಲೇಡಿ ಆ್ಯನ್ಸ್ ಡ್ರೈವ್ ಎಂಬ ನೇರ ದಾರಿಯ ಎರಡೂ ಬದಿ ಜೌಗು ಹುಲ್ಲುಗಾವಲು. ಪಾರ್ಕಿಂಗ್‌ಗೆ ದುಡ್ಡು ಕೊಡಬೇಕು, ಆದರೆ ಹಕ್ಕಿಗಳು ಕಾರಿಗೆ ಒಗ್ಗಿಹೋಗಿವೆ. ಒಳಗೇ ಕೂತು ನೋಡಿದರೆ ನಿಮ್ಮ ಬೈನಾಕ್ಯುಲರ್ ಧಾರಾಳ ಸಾಕು. ಬೆಳೆದ ವೈಟ್‌ಫ್ರಂಟ್‌ಗೆ ಗುಲಾಬಿ ಕೊಕ್ಕಿನ ಬುಡದ ಸುತ್ತ ಬಿಳಿ, ಹೊಟ್ಟೆಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ, ಕಾಲು ಕಿತ್ತಳೆ. ಆ ವರ್ಷದ ಮರಿಗಳಿಗೆ ಬಿಳಿಯೂ ಇಲ್ಲ, ಪಟ್ಟೆಯೂ ಇಲ್ಲ. ಒಂಟಿ ಮರಿಯನ್ನು ಬೀನ್ ಹೆಬ್ಬಾತು ಎಂದು ಬರೆದುಕೊಳ್ಳುವುದು ತೀರಾ ಸಾಮಾನ್ಯ ತಪ್ಪು. ಅದರ ಜೊತೆಗೆ ಯಾರಿದ್ದಾರೆ ನೋಡಿ. ಹೆಬ್ಬಾತುಗಳು ಚಳಿಗಾಲ ಪೂರ್ತಿ ಸಂಸಾರ ಸಮೇತ ಇರುತ್ತವೆ.

ತೇಲುಗಣ್ಣು ಉತ್ತರಿಸಿದ್ದು:

ಹಂಸಗಳ ಬಗ್ಗೆ ನಾನು ಬರೆಯುತ್ತೇನೆ.

ವೆಲ್ನಿ ಇರುವುದು ಊಸ್ ವಾಷಸ್ ಮೇಲೆ. 17ನೇ ಶತಮಾನದಲ್ಲಿ ಡಚ್ ಇಂಜಿನಿಯರ್ ವರ್ಮ್ಯೂಡನ್ ಕೈಯಲ್ಲಿ ತೋಡಿಸಿದ ಎರಡು ನೇರ ಕಾಲುವೆಗಳ ನಡುವಿನ ಪಟ್ಟಿ, ಉದ್ದ ಸುಮಾರು 30 ಕಿಲೋಮೀಟರ್, ಅಗಲ ಒಂದು ಕಿಲೋಮೀಟರ್‌ಗೂ ಕಡಿಮೆ. ಬೇಸಿಗೆಯಲ್ಲಿ ದನ ಮೇಯುವ ಹುಲ್ಲುಗಾವಲು. ಚಳಿಗಾಲದಲ್ಲಿ ನದಿಯ ಹೆಚ್ಚುವರಿ ನೀರನ್ನು ಬೇಕೆಂದೇ ಅಲ್ಲಿಗೆ ಬಿಡುತ್ತಾರೆ. ಹಂಸಗಳು ರಾತ್ರಿ ತಂಗುವುದು ಈ ನೀರಲ್ಲಿ.

ಪೀಟರ್‌ಬರೊ ಕಡೆಯಿಂದ ಬರುವವರಿಗೆ ತೊಡಕು ಇರುವುದೂ ಇಲ್ಲೇ. ವೆಲ್ನಿ ಹಳ್ಳಿ ಪಟ್ಟಿಯ ಪಶ್ಚಿಮಕ್ಕೆ, ಹಕ್ಕಿಧಾಮದ ಕಟ್ಟಡ ಪೂರ್ವ ದಂಡೆಗೆ. ನಡುವಿನ ಎ1101 ರಸ್ತೆ ಪ್ರವಾಹ ಬಂದಾಗ ಮುಳುಗುತ್ತದೆ, ಕೆಲವು ಸಲ ವಾರಗಟ್ಟಲೆ. ಹೊರಡುವ ಬೆಳಿಗ್ಗೆ ರಸ್ತೆ ತೆರೆದಿದೆಯೇ ನೋಡಿಕೊಳ್ಳಿ, ಮುಚ್ಚಿದ್ದರೆ ಡೌನಮ್ ಮಾರ್ಕೆಟ್ ಅಥವಾ ಲಿಟಲ್‌ಪೋರ್ಟ್ ಸುತ್ತಿ ಬನ್ನಿ. ನೀರು ಕಡಿಮೆ ಕಾಣುತ್ತದೆ ಎಂದು ಇಳಿಸಬೇಡಿ. ರಸ್ತೆಯ ಅಂಚು ಕಾಣುವುದಿಲ್ಲ, ಪಕ್ಕದಲ್ಲೇ ಹಳ್ಳ.

ಬ್ಯೂಯಿಕ್ ವಿಷಯದಲ್ಲಿ ಆಸೆ ಹೆಚ್ಚು ಇಟ್ಟುಕೊಳ್ಳಬೇಡಿ. ಹಿಂದೆ ಸಾವಿರಗಟ್ಟಲೆ ಬರುತ್ತಿದ್ದವು, ಈಗ ಬೆರಳೆಣಿಕೆಗೆ ಹತ್ತಿರ. ವಾಯವ್ಯ ಯುರೋಪಿಗೆ ಚಳಿಗಾಲಕ್ಕೆ ಬರುವ ಈ ಹಂಸಗಳು 1995ರಲ್ಲಿ ಸುಮಾರು 29,000 ಇದ್ದವು, 2010ಕ್ಕೆ 18,000ಕ್ಕೆ ಇಳಿದವು. ಅದರ ಮೇಲೆ ಚಳಿಗಾಲಗಳು ಮೃದುವಾಗಿರುವುದರಿಂದ, ಆರ್ಕ್ಟಿಕ್ ರಷ್ಯಾದಿಂದ ಬರುವವು ಜರ್ಮನಿ, ನೆದರ್ಲ್ಯಾಂಡ್ಸ್‌ನಲ್ಲೇ ನಿಂತುಬಿಡುತ್ತವೆ. ಖಂಡದ ಕೆರೆಗಳು ಹೆಪ್ಪುಗಟ್ಟಿದರೆ ಮಾತ್ರ ಸಮುದ್ರ ದಾಟುತ್ತವೆ. ಅಂಥ ಕೊರೆಯುವ ಪೂರ್ವಗಾಳಿಯ ನಂತರದ ವಾರವೇ ನಿಮ್ಮ ಒಳ್ಳೆಯ ಅವಕಾಶ. ವೂಪರ್ ಹಂಸದ ಕಥೆ ತಿರುವುಮುರುವು. ಐಸ್‌ಲ್ಯಾಂಡ್‌ನಿಂದ ಬರುವ ಅವು ಹೆಚ್ಚುತ್ತಲೇ ಇವೆ, ಈ ಪಟ್ಟಿಯಲ್ಲಿ ಸಾವಿರಾರು ಇರುತ್ತವೆ.

ಎರಡನ್ನೂ ಬೇರೆ ಮಾಡುವುದು ಕೊಕ್ಕಿನ ಹಳದಿ. ವೂಪರ್‌ನಲ್ಲಿ ಹಳದಿ ಬೆಣೆಯಂತೆ ಚೂಪಾಗಿ ಮೂಗಿನ ಹೊಳ್ಳೆ ದಾಟಿ ಮುಂದೆ ಚಾಚುತ್ತದೆ. ಬ್ಯೂಯಿಕ್‌ನಲ್ಲಿ ಹಳದಿ ಬುಡದಲ್ಲೇ ಗುಂಡಗೆ ಅಥವಾ ಚೌಕವಾಗಿ ನಿಲ್ಲುತ್ತದೆ, ಹೊಳ್ಳೆಯನ್ನು ಮುಟ್ಟದು. ಹತ್ತಿರದಿಂದ ನೋಡಿದರೆ ಪ್ರತಿ ಬ್ಯೂಯಿಕ್‌ನ ಹಳದಿ-ಕಪ್ಪು ವಿನ್ಯಾಸವೂ ಬೇರೆ. ಒಂದರಲ್ಲಿ ಕಪ್ಪು ಗೆರೆ ಕೊಕ್ಕಿನ ನೆತ್ತಿಯುದ್ದಕ್ಕೂ ಹಣೆಗೆ ಸೇರುತ್ತದೆ, ಇನ್ನೊಂದರಲ್ಲಿ ಹಳದಿ ನೆತ್ತಿ ದಾಟಿ ಆಚೆ ಬದಿಗೆ ಕೂಡುತ್ತದೆ. 1964ರಿಂದ ಪೀಟರ್ ಸ್ಕಾಟ್ ಸ್ಲಿಂಬ್ರಿಜ್‌ನಲ್ಲಿ ಇದನ್ನೇ ಚಿತ್ರ ಬರೆದಿಟ್ಟು ಒಂದೊಂದು ಹಂಸವನ್ನೂ ಹೆಸರಿಟ್ಟು ಗುರುತಿಸಿದರು. ಮರಿಗಳು ಬೂದು ಬಣ್ಣ, ಕೊಕ್ಕು ಮಾಸಲು ಗುಲಾಬಿ. ಅವುಗಳಲ್ಲಿ ಈ ಗುರುತು ಕೆಲಸ ಮಾಡದು, ಗಾತ್ರ ಮತ್ತು ಅಪ್ಪ-ಅಮ್ಮನನ್ನು ನೋಡಬೇಕು. ಕಿತ್ತಳೆ ಕೊಕ್ಕಿನ ಬುಡದಲ್ಲಿ ಕಪ್ಪು ಗುಬುಟು ಇದ್ದರೆ ಅದು ವರ್ಷಪೂರ್ತಿ ಇಲ್ಲೇ ಇರುವ ಮ್ಯೂಟ್ ಹಂಸ. ಹಾರುವಾಗ ಅದರ ರೆಕ್ಕೆ ಝೇಂಕರಿಸುತ್ತದೆ. ಉಳಿದೆರಡರ ರೆಕ್ಕೆಯಲ್ಲಿ ಆ ಸದ್ದಿಲ್ಲ, ಅವು ಕೂಗುತ್ತ ಹಾರುತ್ತವೆ.

ಮಧ್ಯಾಹ್ನ ಹೋದರೆ ನೀರು ಅರ್ಧ ಖಾಲಿ. ಹಗಲೆಲ್ಲ ಸುತ್ತಲ ಹೊಲಗಳಲ್ಲಿ ಬೀಟ್ ಚೂರು, ಬಿಟ್ಟುಹೋದ ಆಲೂಗಡ್ಡೆ, ಗೋಧಿ ಮೊಳಕೆ ತಿನ್ನುತ್ತಿರುತ್ತವೆ. ಸೂರ್ಯ ಮುಳುಗುವುದು ನಾಲ್ಕಕ್ಕೆ ಸ್ವಲ್ಪ ಮೊದಲು. ಮೂರು ಗಂಟೆಗೆ ಬಿಸಿ ಮಾಡಿದ ದೊಡ್ಡ ವೀಕ್ಷಣಾಲಯದಲ್ಲಿ ಕೂತರೆ ಸಂಸಾರ ಸಂಸಾರವಾಗಿ ಇಳಿಯುವುದು ಕಾಣುತ್ತದೆ, ಕಾಳು ಹಾಕುವಾಗ ಕೆಲವು ಮೀಟರ್ ದೂರಕ್ಕೆ ಬರುತ್ತವೆ. ಕಾಳು ಹಾಕುವ ಹೊತ್ತು ಋತುವಿಗೆ ತಕ್ಕಂತೆ ಬದಲಾಗುತ್ತದೆ, ಮೊದಲೇ ಕೇಳಿಕೊಳ್ಳಿ. ಹಾಗೆ ಹತ್ತಿರ ಬರುವ ಬಾತುಗಳಲ್ಲಿ ಹೆಚ್ಚಿನವು ಪೋಚರ್ಡ್. ಕೆಂಗಂದು ತಲೆಯ ಗಂಡುಗಳೇ ಜಾಸ್ತಿ ಇರುತ್ತವೆ, ಹೆಣ್ಣುಗಳು ಇನ್ನೂ ದಕ್ಷಿಣಕ್ಕೆ ಹೋಗುತ್ತವೆ.

ಕೆರೆಏರಿ ಬರೆದದ್ದು:

ತುಂಬ ಉಪಕಾರವಾಯಿತು. ಒಂದು ಚಿಕ್ಕ ಪ್ರಶ್ನೆ: ಹೋಕಮ್ ಫೋಟೋಗಳಲ್ಲಿ ಕಣ್ಣಿನ ಸುತ್ತ ಕಂದು ಮಚ್ಚೆ ಇರುವ, ಗುಲಾಬಿ ಕಾಲಿನ ಒಂದು ಹಕ್ಕಿ ಆಗಾಗ ಕಾಣುತ್ತದೆ. ಅದು ಯಾವ ಹೆಬ್ಬಾತು? ಮತ್ತೆ ಬಾತುಗಳ ಬಗ್ಗೆ ಯಾರಾದರೂ ತಿಳಿಸಿದರೆ ಒಳ್ಳೆಯದು.

ನೀರ್ಗೊಳಿ ಉತ್ತರಿಸಿದ್ದು:

ಅದು ಈಜಿಪ್ಷಿಯನ್ ಗೂಸ್. ವಂಶದಲ್ಲಿ ಅದು ನಿಜವಾದ ಹೆಬ್ಬಾತಿಗಿಂತ ಶೆಲ್‌ಡಕ್ ಬಾತಿಗೆ ಹತ್ತಿರ. ಆಫ್ರಿಕಾದ್ದನ್ನು ಜಮೀನ್ದಾರರು ತಮ್ಮ ಉದ್ಯಾನಗಳ ಅಂದಕ್ಕೆ ತಂದರು, ಹೋಕಮ್‌ನಲ್ಲಿ 18ನೇ ಶತಮಾನದಿಂದ ಇದೆ. ಮರದ ಪೊಟರೆಯಲ್ಲಿ ಗೂಡು, ಚಳಿಗಾಲ ಮುಗಿಯುವ ಮುಂಚೆಯೇ ಮರಿ ಮಾಡುತ್ತದೆ. ಹೀಗಾಗಿ ತುಂಬ ಮರಿಗಳು ಚಳಿಗೆ ಸಾಯುತ್ತವೆ. ಅಂದಹಾಗೆ ಪಟ್ಟೆತಲೆ ಹೆಬ್ಬಾತು ಇಲ್ಲಿ ಗ್ರೇಲ್ಯಾಗ್ ನಡುವೆ ಕಂಡರೆ ಅದು ಯಾರದೋ ಸಂಗ್ರಹದಿಂದ ತಪ್ಪಿಸಿಕೊಂಡದ್ದು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಮಾಗಡಿಗೆ ಬರುವ ಹಕ್ಕಿಗೂ ಇದಕ್ಕೂ ಸಂಬಂಧವಿಲ್ಲ.

ಬಾತುಗಳಲ್ಲಿ ಪಿನ್‌ಟೇಲ್, ಶವಲರ್, ವಿಜನ್, ಗ್ಯಾಡ್‌ವಾಲ್, ಟೀಲ್ ಇವೆಲ್ಲ ಕರ್ನಾಟಕದ ಕೆರೆಗೆ ಬರುವ ಜಾತಿಗಳೇ. ಒಂದು ಮಾತ್ರ ಲೆಕ್ಕ ತಪ್ಪಿಸುತ್ತದೆ: ಗಾರ್ಗನಿ. ನಮ್ಮಲ್ಲಿ ಅದು ಚಳಿಗಾಲದ ಹಕ್ಕಿ. ನಾರ್ಫೋಕ್‌ಗೆ ಬರುವುದು ಮಾರ್ಚ್‌ನಿಂದ ಬೇಸಿಗೆಗೆ, ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋಗಿಬಿಡುತ್ತದೆ. ಜನವರಿಯಲ್ಲಿ ಗಾರ್ಗನಿ ಕಂಡೆನೆಂದು ಅನಿಸಿದರೆ ಅದು ಬಹುತೇಕ ಹೆಣ್ಣು ಟೀಲ್.

ವಿಜನ್ ಇಲ್ಲಿ ಸಾವಿರಾರು. ಬಾತೇ ಆದರೂ ದನದಂತೆ ಹುಲ್ಲು ಮೇಯುತ್ತದೆ, ಒತ್ತೊತ್ತಾಗಿ ಒಂದೇ ದಿಕ್ಕಿಗೆ ಸಾಗುತ್ತ. ಬೆದರಿದರೆ ಇಡೀ ಸಾಲು ನೀರಿಗೆ ಓಡುತ್ತದೆ, ಆದ್ದರಿಂದ ಮೇವು ಯಾವಾಗಲೂ ನೀರಂಚಿಗೇ. ಕ್ಲೇ, ಹೋಕಮ್, ಬಕೆನಮ್ ಹುಲ್ಲುಗಾವಲುಗಳಲ್ಲಿ ಗಂಡಿನ ಸಿಳ್ಳೆ ದೂರದಿಂದಲೇ ಕೇಳುತ್ತದೆ. ಕ್ಲೇ ಜೌಗನ್ನು 1926ರಲ್ಲಿ ಕೊಂಡು ಹಕ್ಕಿಗಳಿಗೆ ಮೀಸಲಿಟ್ಟದ್ದರಿಂದಲೇ ನಾರ್ಫೋಕ್ ವೈಲ್ಡ್‌ಲೈಫ್ ಟ್ರಸ್ಟ್ ಹುಟ್ಟಿದ್ದು, ಬ್ರಿಟನ್ನಿನ ಕೌಂಟಿ (ಜಿಲ್ಲಾ) ಟ್ರಸ್ಟ್‌ಗಳಲ್ಲಿ ಮೊದಲನೆಯದು. ಗ್ಯಾಡ್‌ವಾಲ್‌ಗೂ ಈ ಕೌಂಟಿಯ ನಂಟು ಗಟ್ಟಿ. 1850ರ ಸುಮಾರಿಗೆ ಬಲೆಗೆ ಸಿಕ್ಕ ಒಂದು ಜೋಡಿಯ ರೆಕ್ಕೆ ಕತ್ತರಿಸಿ ನಾರ್ಫರ್ಡ್ ಕೆರೆಯಲ್ಲಿ ಬಿಟ್ಟರು, ಪೂರ್ವ ಇಂಗ್ಲೆಂಡಿನಲ್ಲಿ ಅದು ಮರಿ ಮಾಡಿ ಹರಡಲು ಅಲ್ಲಿಂದ ಶುರು.

ಹೆಣ್ಣುಗಳನ್ನು ರೆಕ್ಕೆಯ ಹಿಂಬದಿಯ ಬಣ್ಣಪಟ್ಟಿಯಿಂದ ಹಿಡಿಯಿರಿ. ಮಲ್ಲಾರ್ಡ್‌ಗೆ ನೀಲಿ, ಎರಡೂ ಅಂಚಿಗೆ ಬಿಳಿ. ಗ್ಯಾಡ್‌ವಾಲ್‌ಗೆ ಚಿಕ್ಕ ಬಿಳಿ ಚೌಕ, ಕೊಕ್ಕಿನ ಎರಡು ಬದಿಗೂ ನೇರ ಕಿತ್ತಳೆ ಗೆರೆ. ಟೀಲ್‌ಗೆ ಹಸಿರು, ಬಾಲದ ಬದಿಯಲ್ಲಿ ಮಾಸಲು ಗೀರು. ಪಿನ್‌ಟೇಲ್‌ಗೆ ಪಟ್ಟಿಗಿಂತ ಉದ್ದ ಕುತ್ತಿಗೆ, ಗೆರೆಯಿಲ್ಲದ ಬೋಳು ಮುಖ, ಬೂದು ಕೊಕ್ಕು ನೋಡಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಂಡುಗಳೂ ಹೆಣ್ಣಿನಂತೆ ಕಾಣುವುದರಿಂದ ಆ ತಿಂಗಳುಗಳಲ್ಲೂ ರೆಕ್ಕೆಯೇ ಗತಿ. ಜನವರಿಯಲ್ಲಿ ಆ ಕಷ್ಟ ಇಲ್ಲ, ಗಂಡುಗಳೆಲ್ಲ ಪೂರ್ಣ ಬಣ್ಣದಲ್ಲಿರುತ್ತವೆ.

ಊರಲ್ಲಿ ಸಿಗದವುಗಳಿಗೆ ಸಮುದ್ರಕ್ಕೇ ಹೋಗಬೇಕು. ಟಿಚ್‌ವೆಲ್ ಕಡಲಂಚು, ಹೋಕಮ್ ಕೊಲ್ಲಿ: ಕಾಮನ್ ಸ್ಕೋಟರ್ ಕಪ್ಪು ಚುಕ್ಕೆಗಳ ಸಾಲಾಗಿ ಅಲೆಗಳ ಹಿಂದೆ ಏರಿಳಿಯುತ್ತಿರುತ್ತದೆ. ಅದರ ನಡುವೆ ರೆಕ್ಕೆ ಬಡಿದಾಗ ಬಿಳಿ ಮಿಂಚಿದರೆ ವೆಲ್ವೆಟ್ ಸ್ಕೋಟರ್. ನೀರಲ್ಲಿ ಕೂತಾಗ ಆ ಬಿಳಿ ಮುಚ್ಚಿಹೋಗಿರುತ್ತದೆ, ಸ್ವಲ್ಪ ಹೊತ್ತು ಕಾಯಬೇಕು. ರೆಡ್-ಬ್ರೆಸ್ಟೆಡ್ ಮರ್ಗ್ಯಾನ್ಸರ್, ಗೋಲ್ಡನ್‌ಐ, ಅದೃಷ್ಟವಿದ್ದರೆ ಲಾಂಗ್-ಟೇಲ್ಡ್ ಡಕ್, ಈಡರ್. ಈ ತೀರ ಉತ್ತರಕ್ಕೆ ಮುಖ ಮಾಡಿರುವುದರಿಂದ ದಿನವಿಡೀ ಸೂರ್ಯ ನಿಮ್ಮ ಬೆನ್ನಿಗೆ, ಇದು ದೊಡ್ಡ ಅನುಕೂಲ. ಉಬ್ಬರಕ್ಕೆ ಒಂದು ಗಂಟೆ ಮೊದಲು ಹೋದರೆ ಹಕ್ಕಿ ಹತ್ತಿರ. ಉತ್ತರದ ಗಾಳಿ ಜೋರಾಗಿದ್ದ ದಿನ ಅಲೆಯ ನಡುವೆ ಏನೂ ಕಾಣದು. ದಕ್ಷಿಣದ ತೆಳುಗಾಳಿಯ ದಿನಕ್ಕೆ ಇದನ್ನು ಇಟ್ಟುಕೊಳ್ಳಿ. ಸ್ಕೋಪ್ ನಿಜವಾಗಿ ಬೇಕಾಗುವುದು ಈ ಒಂದೇ ಜಾಗದಲ್ಲಿ. ಬಾಡಿಗೆಗೋ ಸ್ನೇಹಿತರಿಂದಲೋ ಸಿಕ್ಕರೆ 30 ಪಟ್ಟಿಗಿಂತ ಹೆಚ್ಚಿಗೆ ಹಿಗ್ಗಿಸಬೇಡಿ, ಗಾಳಿಗೆ ಚಿತ್ರ ನಡುಗುತ್ತದೆ. ಟ್ರೈಪಾಡ್ ಕಾಲನ್ನು ಪೂರ್ತಿ ಎಳೆಯದೆ ಕೂತು ನೋಡಿ.

ಉಪ್ಪುಜೌಗು ಸೇರಿಸಿದ್ದು:

ಬ್ರೆಂಟ್ ಹೆಬ್ಬಾತು ಬಿಟ್ಟುಹೋಗಿತ್ತು, ನಿಮ್ಮ ಬೈನಾಕ್ಯುಲರ್‌ಗೆ ಹೇಳಿಮಾಡಿಸಿದ ಹಕ್ಕಿ ಅದು. ಮಲ್ಲಾರ್ಡ್‌ಗಿಂತ ತುಸುವೇ ದೊಡ್ಡದು, ತಲೆ ಕೊರಳು ಕಪ್ಪು, ಬಾಲದ ಬುಡ ಬಿಳಿ. ಸೈಬೀರಿಯಾದ ತೈಮಿರ್‌ನಿಂದ ಬರುತ್ತದೆ. ವೆಲ್ಸ್ ಬಂದರು, ಬ್ರ್ಯಾಂಕಾಸ್ಟರ್ ಸ್ಟೇತ್‌ಗಳಲ್ಲಿ ದೋಣಿಗಳ ನಡುವೆಯೇ ಈಜುತ್ತಿರುತ್ತದೆ. ಒಂದು ಹಿಂಡನ್ನು ನಿಧಾನವಾಗಿ ನೋಡಿ: ಕೆಲವಕ್ಕೆ ಮಡಿಚಿದ ರೆಕ್ಕೆಯ ಮೇಲೆ ನಾಲ್ಕೈದು ತೆಳು ಬಿಳಿ ಗೆರೆ ಇರುತ್ತದೆ. ಅವು ಈ ವರ್ಷದ ಮರಿಗಳು. ಕೆಲವು ವರ್ಷ ಹಿಂಡಿನ ತುಂಬ ಈ ಗೆರೆ, ಕೆಲವು ವರ್ಷ ಹುಡುಕಿದರೂ ಇಲ್ಲ. ತೈಮಿರ್‌ನಲ್ಲಿ ಲೆಮ್ಮಿಂಗ್ ಇಲಿ ಹೆಚ್ಚಿದ್ದ ವರ್ಷ ಆರ್ಕ್ಟಿಕ್ ನರಿ ಅದನ್ನೇ ತಿಂದು ಹೆಬ್ಬಾತಿನ ಮೊಟ್ಟೆ-ಮರಿ ಬಿಡುತ್ತದೆ. ಲೆಮ್ಮಿಂಗ್ ಕುಸಿದರೆ ಗೂಡುಗಳೇ ಗುರಿ. ನೂರು ಹಕ್ಕಿಯಲ್ಲಿ ಎಷ್ಟಕ್ಕೆ ಗೆರೆ ಇದೆ ಎಂದು ಎಣಿಸಿ ಬರೆದುಕೊಳ್ಳಿ. ಮರಿಗಳು ಹಿಂಡಿನ ಅಂಚಿನಲ್ಲಿ ಹೆಚ್ಚು ಇರುವುದರಿಂದ ಒಂದು ಬದಿಯನ್ನಷ್ಟೇ ಎಣಿಸಿದರೆ ಲೆಕ್ಕ ಕೆಡುತ್ತದೆ.

ಟೈಗಾ ಬೀನ್ ಹೆಬ್ಬಾತು ಹುಡುಕಿಕೊಂಡು ಯೇರ್ ಕಣಿವೆಗೆ ಹೋಗಿ ಎಂದು ಹಳೆಯ ಮಾರ್ಗದರ್ಶಿಗಳಲ್ಲಿ ಇರುತ್ತದೆ. ಬಕೆನಮ್-ಕ್ಯಾಂಟ್ಲಿಯ ಆ ಹಿಂಡು ಈಗ ಇಲ್ಲವೆನ್ನುವಷ್ಟು ಕುಸಿದಿದೆ, ಅದಕ್ಕಾಗಿ ಅರ್ಧ ದಿನ ಕಳೆಯಬೇಡಿ. ವಿಜನ್‌ಗಾಗಿ ಹೋಗುವುದಾದರೆ ಸರಿ.

ಗುಂಡಿನ ಸದ್ದು ಕೇಳಿದರೆ ಗಾಬರಿಯಾಗಬೇಡಿ. ಬೇಟೆಯ ಋತು ಒಳನಾಡಲ್ಲಿ ಜನವರಿ 31, ಕಡಲಂಚಿನಲ್ಲಿ ಫೆಬ್ರವರಿ 20ರವರೆಗೆ. ಪಿಂಕ್‌ಫುಟ್ ಹೊಡೆಯಲು ಅನುಮತಿ ಇದೆ, ಬ್ರೆಂಟ್‌ಗೆ ರಕ್ಷಣೆ ಇದೆ. ಹೀಗಾಗಿ ಹೊಲದಲ್ಲಿ ಮನುಷ್ಯನ ಆಕಾರ ಕಂಡರೆ ಪಿಂಕ್‌ಫುಟ್ ನೂರಾರು ಮೀಟರ್ ದೂರದಲ್ಲೇ ಏಳುತ್ತದೆ, ಕಾರನ್ನು ಮಾತ್ರ ಸಹಿಸುತ್ತದೆ. ಕಾರಿಂದ ಇಳಿಯದೆ, ಗಾಜು ಇಳಿಸಿ, ಇಂಜಿನ್ ಆರಿಸಿ ನೋಡಿ. ಹಿಂಡಿನಲ್ಲಿ ತಲೆಗಳು ಒಂದೊಂದಾಗಿ ಮೇಲೆದ್ದು ಮೇವು ನಿಂತರೆ ನೀವು ತೀರ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ಚಳಿಯಲ್ಲಿ ಒಂದು ಹಾರಾಟವೂ ಅವಕ್ಕೆ ತಿಂದ ಮೇವಿನ ಖರ್ಚು. ಹೊಲದ ಗೇಟಿಗೆ ಅಡ್ಡ ನಿಲ್ಲಿಸಬೇಡಿ, ಬೀಟ್ ಲಾರಿ ಯಾವ ಹೊತ್ತಿಗೂ ಬರುತ್ತದೆ.

ತೇಲುಗಣ್ಣು ಸೇರಿಸಿದ್ದು:

ಹಂಸ, ಹೆಬ್ಬಾತುಗಳ ಕಾಲಲ್ಲಿ ಬಣ್ಣದ ಉಂಗುರವೋ ಕೊರಳಲ್ಲಿ ಪಟ್ಟಿಯೋ ಕಂಡರೆ ಬಣ್ಣ, ಯಾವ ಕಾಲು, ಅಕ್ಷರಗಳು ಯಾವ ಕ್ರಮದಲ್ಲಿವೆ, ಜಾಗ, ದಿನಾಂಕ ಬರೆದುಕೊಂಡು ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿಗೆ ತಿಳಿಸಿ. ಅದರ ಕಚೇರಿ ಇದೇ ಕೌಂಟಿಯ ತೆಟ್‌ಫರ್ಡ್‌ನಲ್ಲಿದೆ. ಅರ್ಧ ಓದಿದ ಸಂಕೇತವನ್ನು ಊಹೆಯಿಂದ ತುಂಬಿಸಬೇಡಿ, ಓದಿದಷ್ಟೇ ಕೊಡಿ. ಸತ್ತ ಹಂಸವೋ ಹೆಬ್ಬಾತೋ ಕಂಡರೆ ಹಕ್ಕಿಜ್ವರದ ಭಯವಿರುವುದರಿಂದ ಕೈಯಲ್ಲಿ ಮುಟ್ಟಬಾರದು, ಡೆಫ್ರಾಗೆ (ಸರ್ಕಾರದ ಪರಿಸರ-ಕೃಷಿ ಇಲಾಖೆ) ವರದಿ ಮಾಡಬೇಕು. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ಮೊದಲು ಬೂಟಿನ ಕೆಸರು ತೊಳೆದುಕೊಳ್ಳಿ.

ದಿನಗಳ ಹಂಚಿಕೆ ನನ್ನ ಪ್ರಕಾರ ಹೀಗೆ: ಮೊದಲ ದಿನ ಪೀಟರ್‌ಬರೊದಿಂದ ಹೊರಟು ಮಧ್ಯಾಹ್ನ ಮೂರಕ್ಕೆ ವೆಲ್ನಿ, ರಾತ್ರಿ ಹನ್‌ಸ್ಟಂಟನ್ ಆಸುಪಾಸು. ಎರಡನೆಯ ದಿನ ಬೆಳಿಗ್ಗೆ ಸ್ನೆಟಿಶಮ್, ಉಬ್ಬರದ ಹೊತ್ತಿಗೆ ಟಿಚ್‌ವೆಲ್, ಸಂಜೆ ಹೋಕಮ್‌ಗೆ ಮರಳುವ ಹಿಂಡು. ಬೆಳಗಿನ ಹಾರಾಟ ಮಳೆಯಿಂದಲೋ ಮಂಜಿನಿಂದಲೋ ಕೈಕೊಟ್ಟರೆ ಮೂರನೆಯ ಬೆಳಿಗ್ಗೆ ಮತ್ತೆ ಸ್ನೆಟಿಶಮ್. ಇಲ್ಲದಿದ್ದರೆ ಕ್ಲೇ ಕಡೆಗೆ.